ಬಾಯಮ್ಮನ ಡಬ್ಬಿ: ಬಡವರ ಸೇವೆ ಕ್ರೈಸ್ತರಿಗೆ ಯಾಕೆ ಅಷ್ಟು ಮುಖ್ಯ?

ನಮ್ಮ ಪಕ್ಕದ ಮನೆಯ ಬಾಯಮ್ಮನ ಅಡುಗೆಮನೆಯಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಡಬ್ಬಿ ಇದೆ. ಮಂಗಳೂರಿನ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು ರೂಢಿ. ಡಬ್ಬಿಯ ಮುಚ್ಚಳದಲ್ಲಿ ಚಾಕುವಿನಿಂದ ಕೊರೆದ ಸೀಳು. ವರ್ಷದ ಬಹುಪಾಲು ಅದು ಅಟ್ಟದ ಮೇಲೆ ಖಾಲಿ ಕೂತಿರುತ್ತದೆ. ಬೂದಿ ಬುಧವಾರ ಬಂತೆಂದರೆ ಕೆಳಗಿಳಿಯುತ್ತದೆ. ಅಲ್ಲಿಂದ ಈಸ್ಟರ್‌ವರೆಗೆ ಅವರ ಮನೆಯಲ್ಲಿ ಕೋಳಿ ಇಲ್ಲ, ಹಂದಿ ಇಲ್ಲ. ಭಾನುವಾರದ ಕೋಳಿಗೆ ಆಗುತ್ತಿದ್ದ ದುಡ್ಡು ಡಬ್ಬಿಗೆ ಬೀಳುತ್ತದೆ. ಮೊಮ್ಮಗ ಐಸ್‌ಕ್ರೀಮ್ ಬಿಟ್ಟರೆ ಆ ಇಪ್ಪತ್ತು ರೂಪಾಯಿಯೂ ಅದಕ್ಕೇ.

ಈ ಸಲ ನಾನು ಅದರ ಫೋಟೋ ತೆಗೆದು ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಸಾಲಾಗಿ ಪ್ರಶ್ನೆಗಳು ಬಂದವು. "ನಾವು ಮುಡಿಪು ಕಟ್ಟಿದ ಹಾಗೆನಾ?" ಅಂತ ಶಿವಮೊಗ್ಗದ ಅತ್ತೆ. "ಪುಣ್ಯ ಬರುತ್ತೆ ಅಂತ ಮಾಡ್ತಾರಾ?" ಅಂತ ತಮ್ಮ. "ಕೊನೆಗೆ ಎಲ್ಲಾ ಮತಾಂತರಕ್ಕೇ ಅಲ್ವಾ?" ಅಂತ ದೊಡ್ಡಪ್ಪ. ನಾನು ಕ್ರೈಸ್ತನಲ್ಲ. ಆದರೆ ಚಿಕ್ಕಂದಿನಿಂದ ಚರ್ಚಿನ ಗಂಟೆ ಕೇಳುತ್ತಾ ಬೆಳೆದವನು. ಒಂದು ಮೆಸೇಜಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆದೆ.

ಮೊದಲು ಎರಡು ಮಾತು

ಯೇಸು ಶಿಲುಬೆಯ ಮೇಲೆ ಸತ್ತು ಮೂರನೇ ದಿನ ಎದ್ದು ಬಂದರು ಎಂದು ನೆನೆಯುವ ಹಬ್ಬ ಈಸ್ಟರ್. ಅದಕ್ಕೆ ಮುಂಚಿನ ನಲವತ್ತು ದಿನ ತಪಸ್ಸು ಕಾಲ. ಭಾನುವಾರಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಣೆಗೆ ಬೂದಿ ಹಚ್ಚಿಸಿಕೊಂಡು ಶುರು ಮಾಡುವ ದಿನವೇ ಬೂದಿ ಬುಧವಾರ.

ಈ ದಿನಗಳಲ್ಲಿ ಮೂರು ಕೆಲಸ ಮಾಡಬೇಕು: ಪ್ರಾರ್ಥನೆ, ಉಪವಾಸ, ದಾನ. ಕೊನೆಯ ಎರಡಕ್ಕೂ ಗಂಟು ಹಾಕಿರುವುದನ್ನು ನೋಡಿ. ಕೋಳಿ ಬಿಟ್ಟು ಉಳಿದ ದುಡ್ಡಿನಲ್ಲಿ ಹೊಸ ಸೀರೆ ತಗೊಂಡರೆ ಉಪವಾಸ ಅರ್ಧವೇ ಆದಂತೆ. ನನ್ನ ತಟ್ಟೆಯಲ್ಲಿ ಕಮ್ಮಿಯಾದದ್ದು ಇನ್ನೊಬ್ಬರ ತಟ್ಟೆ ಸೇರಬೇಕು. ಆ ಡಬ್ಬಿ ಇರುವುದೇ ಅದಕ್ಕೆ.

ನೀನು ಹಸಿದಿದ್ದನ್ನು ನಾವು ಯಾವಾಗ ನೋಡಿದೆವು?

ಈಗ ಮುಖ್ಯ ವಿಷಯ. ಬೈಬಲ್ಲಿನಲ್ಲಿ ಮತ್ತಾಯ ಬರೆದ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಕೊನೆಯ ತೀರ್ಪಿನ ಚಿತ್ರ ಒಂದನ್ನು ಕೊಡುತ್ತಾರೆ. ಕುರುಬ ಕುರಿ ಮತ್ತು ಆಡುಗಳನ್ನು ಬೇರೆ ಮಾಡಿದ ಹಾಗೆ ರಾಜ ಜನರನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಬಲಗಡೆಯವರಿಗೆ ಹೇಳುತ್ತಾನೆ: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ಬಾಯಾರಿದ್ದೆ, ನೀರು ಕೊಟ್ಟಿರಿ. ಪರದೇಶಿಯಾಗಿದ್ದೆ, ಒಳಗೆ ಕರೆದಿರಿ. ಬಟ್ಟೆಯಿರಲಿಲ್ಲ, ಉಡಿಸಿದಿರಿ. ಕಾಯಿಲೆ ಬಿದ್ದಿದ್ದೆ, ಆರೈಕೆ ಮಾಡಿದಿರಿ. ಜೈಲಿನಲ್ಲಿದ್ದೆ, ನೋಡಲು ಬಂದಿರಿ.

ಅವರಿಗೆ ಆಶ್ಚರ್ಯ. ಸ್ವಾಮೀ, ನೀನು ಹಸಿದಿದ್ದನ್ನು ನಾವು ಯಾವಾಗ ನೋಡಿದೆವು? ರಾಜನ ಉತ್ತರ: ಈ ನನ್ನ ಸೋದರರಲ್ಲಿ ತೀರಾ ಅಲ್ಪನಾದ ಒಬ್ಬನಿಗೆ ಮಾಡಿದ್ದೆಲ್ಲ ನನಗೇ ಮಾಡಿದ್ದು. ಎಡಗಡೆಯವರೂ ಅದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ: ಅವನಿಗೆ ಮಾಡದೆ ಹೋದದ್ದೆಲ್ಲ ನನಗೇ ಮಾಡದೆ ಹೋದದ್ದು.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಎರಡು ವಿಷಯ ಇವೆ. ಒಂದು, ಎಡಗಡೆ ನಿಂತವರು ಕೊಲೆ ಮಾಡಿಲ್ಲ, ಕದ್ದಿಲ್ಲ. ಸುಮ್ನೆ ದಾಟಿ ಹೋದರು, ಅಷ್ಟೇ. ಇನ್ನೊಂದು, ಬಲಗಡೆಯವರಿಗೂ ತಾವು ದೇವರ ಸೇವೆ ಮಾಡುತ್ತಿದ್ದೇವೆ ಅನ್ನುವುದು ಗೊತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಹಸಿದ ಮನುಷ್ಯ ಮಾತ್ರ.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ದಾಸೋಹ ಎಂಬ ಮಾತು ಸಹಾಯಕ್ಕೆ ಬರುತ್ತದೆ. ದಾಸೋಹದಲ್ಲಿ ಬಡಿಸುವವನು ತಾನು ದೊಡ್ಡವನು ಅಂದುಕೊಳ್ಳುವಂತಿಲ್ಲ, ಅವನು ದಾಸ. ಎಲೆಯ ಮುಂದೆ ಕೂತವರಲ್ಲಿ ಶಿವನಿದ್ದಾನೆ. ಎರಡು ಧರ್ಮಗಳ ತತ್ವ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಬಡಿಸುವಾಗ ಸೊಂಟ ಬಗ್ಗುತ್ತದಲ್ಲ, ಅದು ಒಂದೇ ಥರ.

ಹಾಗಾದರೆ ಇದು ಪುಣ್ಯದ ಲೆಕ್ಕವಾ?

ತಮ್ಮನ ಪ್ರಶ್ನೆಗೆ ಬರೋಣ. ಕ್ರೈಸ್ತರ ಬೋಧನೆ ಪ್ರಕಾರ ಮುಕ್ತಿ ದೇವರ ಕೃಪೆ. ಇಷ್ಟು ಜನಕ್ಕೆ ಊಟ ಹಾಕಿದೆ, ಇಷ್ಟು ಪಾಪ ಕಳೆಯಿತು ಅಂತ ಕೊಂಡುಕೊಳ್ಳುವ ವಸ್ತು ಅಲ್ಲ. ಈ ವಿಷಯಕ್ಕೆ 16ನೇ ಶತಮಾನದಲ್ಲಿ ಯುರೋಪಿನ ಚರ್ಚೇ ಒಡೆದು ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಅಂತ ಎರಡಾಯಿತು. 1999ರಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡವಾದ ಲೂಥರನ್ನರೂ ಒಟ್ಟಿಗೆ ಕೂತು, ಮುಕ್ತಿ ಕೃಪೆಯಿಂದಲೇ, ಒಳ್ಳೆಯ ಕೆಲಸ ಅದರ ಫಲ ಎಂಬ ಅರ್ಥದ ಒಪ್ಪಂದಕ್ಕೆ ಸಹಿ ಹಾಕಿದರು.

ಹಾಗಂತ ಕೆಲಸ ಬೇಡ ಅಂತಲ್ಲ. ಬೈಬಲ್ಲಿನಲ್ಲೇ ಯಾಕೋಬನ ಪತ್ರ ಖಡಾಖಂಡಿತ ಹೇಳುತ್ತದೆ: ಬಟ್ಟೆಯಿಲ್ಲದವನಿಗೆ "ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು" ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಏನೂ ಕೊಡದಿದ್ದರೆ ಏನು ಪ್ರಯೋಜನ? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು. ವಯಸ್ಸಾದ ಅಮ್ಮನ ಕಾಲು ಒತ್ತುವ ಮಗ ಸಾಲ ತೀರಿಸುತ್ತಿದ್ದಾನಾ? ಇಲ್ಲ. ಆದರೆ ಒತ್ತದಿದ್ದರೆ ಅವನ ಪ್ರೀತಿಯ ಮಾತನ್ನು ನಂಬುವವರು ಯಾರು?

ಇದಕ್ಕೂ ಹಿಂದಿನ ಬೇರು ಒಂದಿದೆ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರದಲ್ಲಿ, ಅಂದರೆ ಬೈಬಲ್ಲಿನ ಯಾಜಕಕಾಂಡದಲ್ಲಿ, ರೈತನಿಗೆ ಒಂದು ಕಟ್ಟಳೆ ಇದೆ. ಹೊಲದ ಅಂಚಿನವರೆಗೂ ಕೊಯ್ಯಬೇಡ. ಹಕ್ಕಲು ಆಯಬೇಡ. ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡು. ಕೊಯ್ಲಾದ ಗದ್ದೆಯಲ್ಲಿ ಉದುರಿದ ತೆನೆ ಆಯುವುದನ್ನು ನೋಡಿದವರಿಗೆ ಇದರ ಸೂಕ್ಷ್ಮ ತಿಳಿಯುತ್ತದೆ. ಆಯುವವನು ಯಾರ ಮನೆ ಬಾಗಿಲಲ್ಲೂ ಕೈ ಚಾಚುವುದಿಲ್ಲ. ಅವನ ಪಾಲನ್ನು ಅವನೇ ಬಗ್ಗಿ ಎತ್ತಿಕೊಳ್ಳುತ್ತಾನೆ. ಭಿಕ್ಷೆಗಿಂತ ಅದು ಹಕ್ಕಿಗೆ ಹತ್ತಿರ.

ಒಂದೇ ದಿನ ಬಂದ ಅಷ್ಟೊಂದು ಊಟ

ಮನಸ್ಸಿದ್ದರೆ ಸಾಕಾ? ಸಾಲದು ಅಂತ ಒಬ್ಬ ಪಾದ್ರಿಗೆ ಗೊತ್ತಾದದ್ದು 1617ರ ಆಗಸ್ಟ್‌ನಲ್ಲಿ. ಫ್ರಾನ್ಸಿನ ಶಾಟಿಯೋಂ ಎಂಬ ಸಣ್ಣ ಊರು. ಪಾದ್ರಿಯ ಹೆಸರು ವಿನ್ಸೆಂಟ್ ಡಿ ಪೌಲ್, ರೈತರ ಮನೆಯಲ್ಲಿ ಹುಟ್ಟಿದವರು. ಭಾನುವಾರ ಪೂಜೆಗೆ ನಿಲುವಂಗಿ ತೊಡುತ್ತಿರುವಾಗ ಸುದ್ದಿ ಬಂತು. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಮಲಗಿದ್ದಾರೆ, ನೀರು ಕೊಡುವವರೂ ಇಲ್ಲ. ವಿನ್ಸೆಂಟ್ ಅದನ್ನೇ ಪ್ರಸಂಗದಲ್ಲಿ ಹೇಳಿದರು.

ಮಧ್ಯಾಹ್ನದ ಮೇಲೆ ಅವರೂ ಆ ಮನೆ ಕಡೆ ಹೊರಟರು. ದಾರಿಯುದ್ದಕ್ಕೂ ಹೆಂಗಸರ ಸಾಲು. ಕೆಲವರು ಹೋಗುತ್ತಿದ್ದಾರೆ, ಕೆಲವರು ಬರುತ್ತಿದ್ದಾರೆ, ಬಿಸಿಲು ತಡೆಯದೆ ಕೆಲವರು ನೆರಳಲ್ಲಿ ಕೂತಿದ್ದಾರೆ. ಒಂದೇ ಮನೆಗೆ ಒಂದೇ ದಿನ ತಿಂದು ಮುಗಿಸಲಾಗದಷ್ಟು ಊಟ! ಉಳಿದದ್ದು ಹಾಳಾಗುತ್ತದೆ. ಆಮೇಲೆ ಆ ಮನೆಯವರು ಮತ್ತೆ ಉಪವಾಸ. ಪ್ರೀತಿ ಬೇಕಾದಷ್ಟಿತ್ತು, ಸರದಿ ಇರಲಿಲ್ಲ.

ಅವರು ಆ ಹೆಂಗಸರನ್ನು ಸೇರಿಸಿ ಒಂದು ಕೂಟ ಕಟ್ಟಿದರು. ದಿನಕ್ಕೊಬ್ಬರ ಪಾಳಿ. ಅದಕ್ಕೆ ಬರೆದ ನಿಯಮದಲ್ಲಿ ಊಟ ಬಡಿಸುವುದು ಹೇಗೆ ಅಂತಲೂ ಇದೆ. ನಗುಮುಖದಿಂದ ಮಾತಾಡಿಸಿ. ಹಾಸಿಗೆಯ ಮೇಲೆ ಪುಟ್ಟ ಮೇಜು ಇಡಿ, ಅದರ ಮೇಲೆ ಬಟ್ಟೆ ಹಾಸಿ. ಲೋಟ, ಚಮಚ, ಬ್ರೆಡ್ ಇಡಿ. ರೋಗಿಯ ಕೈ ತೊಳೆಸಿ. ಸೂಪನ್ನು ಬಟ್ಟಲಿಗೆ ಹಾಕಿ, ಮಾಂಸ ತುಂಡು ಮಾಡಿ ಕೊಡಿ. ತಿನ್ನಿ ಅಂತ ಅಕ್ಕರೆಯಿಂದ ಹೇಳಿ. ಕೊನೆಗೊಂದು ಸಾಲು: ಜೊತೆಗೆ ಯಾರಾದರೂ ಇರುವ ರೋಗಿಯಿಂದ ಶುರು ಮಾಡಿ, ಒಂಟಿಯಾಗಿರುವವರನ್ನು ಕೊನೆಗೆ ಇಟ್ಟುಕೊಳ್ಳಿ. ಅವರ ಹತ್ತಿರ ಜಾಸ್ತಿ ಹೊತ್ತು ಕೂರಬಹುದು.

ನಾಲ್ಕು ಶತಮಾನದ ಹಿಂದಿನ ಈ ಸಾಲನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ.

1633ರಲ್ಲಿ ವಿನ್ಸೆಂಟ್ ಮತ್ತು ಲೂಯಿಸ್ ಡಿ ಮಾರಿಯಾಕ್ ಎಂಬ ವಿಧವೆ ಸೇರಿ ಸಿಸ್ಟರ್‌ಗಳ ಒಂದು ಸಂಘ ಶುರು ಮಾಡಿದರು. ಅಲ್ಲಿಯವರೆಗೆ ಸನ್ಯಾಸಿನಿಯರು ಅಂದರೆ ಹೆಚ್ಚಾಗಿ ಗೋಡೆಯೊಳಗಿನ ಮಠದಲ್ಲಿ ಇರುವವರು. ಇವರಿಗೆ ರೋಗಿಗಳ ಮನೆಯೇ ಮಠ, ಊರಿನ ಬೀದಿಯೇ ಅಂಗಳ ಎಂದರು ವಿನ್ಸೆಂಟ್. ಇವತ್ತು ಮದ್ದಿನ ಚೀಲ ಹಿಡಿದು ಕೇರಿಗಳಲ್ಲಿ ಓಡಾಡುವ ಸಿಸ್ಟರ್‌ಗಳನ್ನು ನಾವು ನೋಡುತ್ತೇವಲ್ಲ, ಆ ದಾರಿ ಅಗಲವಾದದ್ದು ಅಲ್ಲಿಂದ.

ಇಬ್ಬಿಬ್ಬರಾಗಿ ಹೋಗುವುದು

ಬಾಯಮ್ಮನೂ ಬಡವರ ಮನೆಗಳಿಗೆ ಹೋಗುವ ಒಂದು ಕೂಟದಲ್ಲಿದ್ದಾರೆ. ಅದು ಇದೇ ಸಂತ ವಿನ್ಸೆಂಟರ ಹೆಸರಿನದು, ಸೇಂಟ್ ವಿನ್ಸೆಂಟ್ ಡಿ ಪೌಲ್ ಸೊಸೈಟಿ. ಆದರೆ ಕಟ್ಟಿದ್ದು ಪಾದ್ರಿಗಳಲ್ಲ. 1833ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು. ಫ್ರೆಡ್ರಿಕ್ ಓಜಾನಾಂ ಎಂಬ ವಿದ್ಯಾರ್ಥಿಗೆ ಆಗ ಇಪ್ಪತ್ತು ವರ್ಷ. ಚರ್ಚು ಹಿಂದೆ ಏನೇನೋ ಮಾಡಿರಬಹುದು, ಈಗ ನೀವೇನು ಮಾಡ್ತಿದ್ದೀರಿ ಅಂತ ಚರ್ಚೆಯಲ್ಲಿ ಎದುರಾಳಿಗಳು ಕೇಳಿದ ಪ್ರಶ್ನೆ ಅವರಿಗೆ ನಾಟಿತು. ಬಡವರ ಕೇರಿಯಲ್ಲಿ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಎಂಬವರು ಈ ಹುಡುಗರಿಗೆ ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಅಂತ ಕಲಿಸಿದರು.

ಕೆಲಸದ ಕ್ರಮ ಸರಳ. ಸದಸ್ಯರು ಆಗಾಗ ಸಭೆ ಸೇರುತ್ತಾರೆ. ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಕಾಣುವುದಿಲ್ಲ. ಆಮೇಲೆ ಕಷ್ಟದಲ್ಲಿರುವ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುತ್ತಾರೆ. ಯಾಕೆ ಇಬ್ಬರು? ಒಬ್ಬರ ಕಣ್ಣಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ದುಡ್ಡಿನ ವಿಷಯದಲ್ಲಿ ಅನುಮಾನಕ್ಕೆ ಎಡೆ ಇರುವುದಿಲ್ಲ. ಒಂಟಿ ಹೆಂಗಸಿನ ಮನೆಗೆ ಹೋದರೆ ಅವರಿಗೂ ಮುಜುಗರ ಆಗುವುದಿಲ್ಲ.

ಒಂದು ಸಲ ಬಾಯಮ್ಮನ ಜೊತೆಗಾತಿಗೆ ಜ್ವರ. "ನೀನೇ ಬಾ ಮಗಾ, ಅಕ್ಕಿ ಎತ್ತಲಿಕ್ಕೆ ಜನ ಬೇಕು" ಅಂದರು. ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಒಳಗೆ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ. ಗೋಡೆಯಲ್ಲಿ ಕಟೀಲು ದೇವಿಯ ಕ್ಯಾಲೆಂಡರ್. ಐದು ಕಿಲೋ ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಿಪಿ ಮಾತ್ರೆ ಕೊಟ್ಟು ಹೊರಡುತ್ತೇವೆ ಅಂತ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಬಾಯಮ್ಮ ಚಾಪೆ ಮೇಲೆ ಕೂತೇಬಿಟ್ಟರು. ಮಾತ್ರೆಯ ಹಳೆಯ ಪಟ್ಟಿ ತರಿಸಿ, ಎಷ್ಟು ಉಳಿದಿದೆ ಅಂತ ಎಣಿಸಿದರು. ಎರಡು ಜಾಸ್ತಿ ಉಳಿದಿತ್ತು. "ಎರಡು ದಿನ ತಗೊಳ್ಳಲಿಲ್ಲ ಅಲ್ವಾ?" ಅಜ್ಜಿ ನಕ್ಕರು. ಆಮೇಲೆ ಚಹಾ ಮಾಡಲು ಎದ್ದರು. ಬೇಡ ಅಜ್ಜಿ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯಮ್ಮ ನನ್ನ ಕೈ ಚಿವುಟಿದರು. ಸಕ್ಕರೆ ಕಾಯಿಲೆಯಿದ್ದರೂ ಆ ಸಿಹಿ ಚಹಾ ಪೂರ್ತಿ ಕುಡಿದರು. ದಾರಿಯಲ್ಲಿ ಹೇಳಿದರು: "ಕೊಡುವುದು ನಮಗೆ ಮಾತ್ರ ಇರುವ ಹಕ್ಕಾ? ಅವರಿಗೂ ಬೇಡವಾ?"

ಕಂಕನಾಡಿಯ ಆಲದ ಮರ

ಮನೆಗಳಿಗೆ ಹೋಗುವುದು ಒಂದು ಬಗೆ. ಸಂಸ್ಥೆ ಕಟ್ಟುವುದು ಇನ್ನೊಂದು. ಇದೂ ಹಳೆಯದೇ. 4ನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಸಿಸೇರಿಯಾದಲ್ಲಿ ಬಿಷಪ್ ಬೆಸಿಲ್ ಊರ ಹೊರಗೆ ರೋಗಿಗಳಿಗೆ, ಬಡವರಿಗೆ, ದಾರಿಹೋಕರಿಗೆ ಅಂತ ಕಟ್ಟಡಗಳ ಸಾಲನ್ನೇ ಕಟ್ಟಿಸಿದ್ದರು. ಅದೇ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತರನ್ನು ಮೆಚ್ಚುತ್ತಿರಲಿಲ್ಲ. ಅವನೇ ಒಂದು ಪತ್ರದಲ್ಲಿ, ಇವರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಅಂತ ಬೇಸರಪಟ್ಟು ಬರೆದ.

ನಮ್ಮೂರಿನ ಉದಾಹರಣೆ ಫಾದರ್ ಮುಲ್ಲರ್. ಜರ್ಮನಿಯ ಆಗಸ್ಟಸ್ ಮುಲ್ಲರ್ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಪಾದ್ರಿ. 1878ರ ಕೊನೆಯ ದಿನ ಮಂಗಳೂರಿಗೆ ಬಂದರು. ಅವರಿಗೆ ಗೊತ್ತಿದ್ದ ವೈದ್ಯ ಹೋಮಿಯೋಪಥಿ. 1880ರಲ್ಲಿ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಬಡವರಿಗೆ ಔಷಧ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ. 1910ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಆ ಜಾಗದಲ್ಲಿ ಈಗ ದೊಡ್ಡ ಆಸ್ಪತ್ರೆ, 1999ರಿಂದ ಮೆಡಿಕಲ್ ಕಾಲೇಜು.

ಕುಷ್ಠರೋಗಿಗಳೇ ಯಾಕೆ? ಯೇಸುವಿನ ಕಾಲದಲ್ಲಿ ಈ ರೋಗಿಗಳು ಊರ ಹೊರಗೆ ಇರಬೇಕಿತ್ತು. ಯೇಸು ಅಂಥವನೊಬ್ಬನನ್ನು ಕೈಚಾಚಿ ಮುಟ್ಟಿದರು ಅಂತ ಸುವಾರ್ತೆ ಹೇಳುತ್ತದೆ. ಆ ಮುಟ್ಟುವಿಕೆ ಮುಂದಿನವರಿಗೆ ಮಾದರಿಯಾಯಿತು. ಇವತ್ತು ಕುಷ್ಠರೋಗ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. ಮುಲ್ಲರ್ ಕಾಲದಲ್ಲಿ ಅಂಥ ಮದ್ದು ಇರಲಿಲ್ಲ. ಗಾಯ ತೊಳೆದು, ಬಟ್ಟೆ ಕಟ್ಟಿ, ಸಾಯುವವರೆಗೆ ಮನುಷ್ಯರಂತೆ ಇಟ್ಟುಕೊಳ್ಳುವುದು, ಅಷ್ಟೇ ಸಾಧ್ಯವಿತ್ತು.

ದೊಡ್ಡಪ್ಪನ ಪ್ರಶ್ನೆ

ಮತಾಂತರದ ಪ್ರಶ್ನೆಯನ್ನು ಜಾರಿಸುವುದು ಸರಿಯಲ್ಲ. ಇತಿಹಾಸದಲ್ಲಿ ಎರಡೂ ಬೆರೆತದ್ದಿದೆ.

ಬಾಸೆಲ್ ಮಿಷನ್ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟ್ ಮಿಷನರಿಗಳು ಇವರು. ಕನ್ನಡದ ಮೊದಲ ಪತ್ರಿಕೆಯೂ ಕಿಟ್ಟೆಲ್ ನಿಘಂಟೂ ಬಂದದ್ದು ಇವರಿಂದಲೇ. ಅವರು ಧರ್ಮ ಸಾರಲೆಂದೇ ಬಂದವರು, ಅದನ್ನು ಮುಚ್ಚಿಟ್ಟವರಲ್ಲ. ಧರ್ಮ ಬದಲಿಸಿದವರನ್ನು ಅವರ ಸ್ವಂತ ಜನರೇ ಮನೆ, ಜಾತಿ, ಕಸುಬು ಮೂರರಿಂದಲೂ ಹೊರಗೆ ಹಾಕುತ್ತಿದ್ದರು. ಅವರಿಗೆ ದಿನಾ ಊಟ ಹಾಕುವ ಬದಲು ದುಡಿಮೆ ಕೊಡಬೇಕು ಅಂತ ಮಿಷನ್ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಮಂಗಳೂರು ಹೆಂಚಿನ ಹಿಂದೆ ಈ ಕಥೆ ಇದೆ. ಆದರೆ ಕೆಲಸ ಮತ್ತು ಧರ್ಮ ಒಂದೇ ಅಂಗಳದಲ್ಲಿದ್ದಾಗ, ಬಂದವರು ಯಾವುದಕ್ಕೆ ಬಂದರು ಅಂತ ಬಿಡಿಸಿ ಹೇಳುವುದು ಕಷ್ಟ.

ಈಗ ನಿಯಮ ಏನು? 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ಪರಿಹಾರ ಸಂಸ್ಥೆಗಳು ಒಂದು ನೀತಿಸಂಹಿತೆ ಮಾಡಿಕೊಂಡವು. ಸಹಾಯವನ್ನು ಧರ್ಮ ಅಥವಾ ರಾಜಕೀಯ ಸಾರಲು ಬಳಸುವಂತಿಲ್ಲ ಅನ್ನುವುದು ಅದರ ಒಂದು ಕಲಂ. ಕ್ಯಾಥೊಲಿಕರ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಇದನ್ನು ಮುಂದೆ ತಂದವರಲ್ಲೇ ಸೇರಿವೆ. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತಮ್ಮ ಮೊದಲ ಪತ್ರದಲ್ಲೇ ಇದನ್ನು ಬರೆದರು: ಪ್ರೀತಿ ಪುಕ್ಕಟೆ, ಬೇರೆ ಗುರಿ ಮುಟ್ಟುವ ಉಪಾಯವಾಗಿ ಅದನ್ನು ಬಳಸಬಾರದು. ತಮ್ಮ ನಂಬಿಕೆಯನ್ನು ಇತರರಿಗೆ ಹೇಳಬೇಕು ಅನ್ನುವ ಕ್ರೈಸ್ತರು ಬೇಕಾದಷ್ಟು ಇದ್ದಾರೆ. ಎಲ್ಲ ಗುಂಪುಗಳೂ ಈ ಗೆರೆಯನ್ನು ಒಂದೇ ಥರ ಪಾಲಿಸುತ್ತವೆ ಅಂತ ಹೇಳಲಾಗದು. ಆದರೆ ದೊಡ್ಡ ಚರ್ಚುಗಳು ಬರೆದಿಟ್ಟುಕೊಂಡ ಗೆರೆ ಇದು. ನಾನು ನೋಡಿದ ಆ ಕೋಣೆಯಲ್ಲಿ ಕಟೀಲು ದೇವಿಯ ಕ್ಯಾಲೆಂಡರ್ ಈಗಲೂ ಅದೇ ಮೊಳೆಯಲ್ಲಿದೆ. ಹೊಸ ವರ್ಷದ್ದನ್ನು ತಂದುಕೊಟ್ಟದ್ದು ಬಾಯಮ್ಮನೇ.

ಮನಸ್ಸು, ಕೈ, ಲೆಕ್ಕಪತ್ರ

ಒಳ್ಳೆಯ ಉದ್ದೇಶ ಟೀಕೆಗೆ ಹೊರತಲ್ಲ. ಮದರ್ ತೆರೇಸಾ 1952ರಲ್ಲಿ ಕೋಲ್ಕತ್ತದ ಕಾಳಿಘಾಟ್‌ನಲ್ಲಿ ಸಾಯುವವರಿಗಾಗಿ ನಿರ್ಮಲ ಹೃದಯ ತೆರೆದರು. ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದರು. ಕಡುಬಡವರ ಉಚಿತ ಸೇವೆ ಅವರ ಸಿಸ್ಟರ್‌ಗಳ ನಾಲ್ಕನೇ ಪ್ರತಿಜ್ಞೆ. 1994ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಅಲ್ಲಿಗೆ ಹೋಗಿ ಬಂದು ಬರೆದರು: ಪ್ರೀತಿ ಇದೆ, ಆದರೆ ಗಟ್ಟಿ ನೋವುನಿವಾರಕ ಇಲ್ಲ, ರೋಗ ಪತ್ತೆ ಮಾಡುವ ಕ್ರಮ ಸರಿಯಿಲ್ಲ. ನನಗೆ ಆ ಟೀಕೆ ನ್ಯಾಯವೇ ಅನ್ನಿಸುತ್ತದೆ. ನೋವಿನಲ್ಲಿರುವವರಿಗೆ ಕೈ ಹಿಡಿಯುವವರೂ ಬೇಕು, ಮದ್ದೂ ಬೇಕು. ಸೇವೆ ಮಾಡುವವರಿಗೆ ಕಸುಬು ಸರಿಯಾಗಿ ಗೊತ್ತಿರಬೇಕು ಅಂತ ಬೆನೆಡಿಕ್ಟ್ ಕೂಡ ಅದೇ ಪತ್ರದಲ್ಲಿ ಹೇಳಿದ್ದಾರೆ.

ದುಡ್ಡು? ಊರಿನ ಮಟ್ಟದಲ್ಲಿ ಭಾನುವಾರದ ಕಾಣಿಕೆ, ಇಂಥ ಡಬ್ಬಿಗಳು, ಆದಾಯದ ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶ. ಹೊರದೇಶದಿಂದ ತರಿಸುವ ಸಂಸ್ಥೆಗೆ, ಅದು ಯಾವ ಧರ್ಮದ್ದಾದರೂ, ವಿದೇಶಿ ದೇಣಿಗೆ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿ ಪ್ರಕಾರ ಆ ಹಣ ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ ಬರಬೇಕು. ಆಡಳಿತದ ಖರ್ಚು ಶೇ. 20 ದಾಟಬಾರದು. ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಚರ್ಚಿನವರ ಬಾಯಲ್ಲಿ ಈಚೆಗೆ ಜಾಸ್ತಿ ಕೇಳುವ ಮಾತು "ಬಡವರಿಗೆ ಮೊದಲ ಆದ್ಯತೆ". ಲ್ಯಾಟಿನ್ ಅಮೆರಿಕದ ಬಿಷಪ್‌ಗಳು 1968 ಮತ್ತು 1979ರಲ್ಲಿ ನಡೆಸಿದ ಸಭೆಗಳಿಂದ ಹರಡಿದ ವಿಚಾರ ಇದು. ದೇವರು ಪಕ್ಷಪಾತಿಯಾ ಅಂತ ಕೇಳುವವರಿದ್ದಾರೆ. ಮೂವರು ಮಕ್ಕಳಲ್ಲಿ ಒಂದಕ್ಕೆ ಜ್ವರ ಬಂದರೆ ಅಮ್ಮ ರಾತ್ರಿಯಿಡೀ ಯಾರ ಪಕ್ಕ ಕೂರುತ್ತಾಳೆ? ಅದೇ ಲೆಕ್ಕ. ಈ ಆದ್ಯತೆಗೆ ಊಟ ಕೊಡುವುದರ ಜೊತೆಗೆ, ಊಟ ಇಲ್ಲದಂತೆ ಆದದ್ದು ಯಾಕೆ ಅಂತ ಕೇಳುವುದೂ ಸೇರುತ್ತದೆ: ಕೂಲಿ, ಜಮೀನು, ಜಾತಿ. ಜಾತಿಯ ಪ್ರಶ್ನೆ ಚರ್ಚಿನ ಒಳಗೂ ಇದೆ. ದಲಿತ ಕ್ರೈಸ್ತರು ಅದನ್ನು ಕೇಳುತ್ತಲೇ ಬಂದಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಪೋಪ್ 14ನೇ ಲಿಯೋ ಹೊರಡಿಸಿದ ಪತ್ರ ಪೂರ್ತಿ ಬಡವರ ಮೇಲಿನ ಪ್ರೀತಿಯ ಕುರಿತೇ ಇತ್ತು. ಪೋಪ್ ಫ್ರಾನ್ಸಿಸ್ ಶುರು ಮಾಡಿದ್ದನ್ನು, ಅವರು ತೀರಿಕೊಂಡ ಮೇಲೆ ಲಿಯೋ ಮುಗಿಸಿದರು.

ಅತ್ತೆಯ ಮುಡಿಪು

ಈಸ್ಟರ್ ಹಿಂದಿನ ಮಂಗಳವಾರ ಬಾಯಮ್ಮ ಡಬ್ಬಿ ಮಗುಚಿದರು. ಮೇಜಿನ ಮೇಲೆ ನೋಟು, ನಾಣ್ಯ. ಮೊಮ್ಮಗ ಹತ್ತರ ನಾಣ್ಯಗಳನ್ನು ಗೋಪುರ ಮಾಡಿ ಎಣಿಸಿದ. 2,310 ರೂಪಾಯಿ. ಶಿವಮೊಗ್ಗದ ಅತ್ತೆ ಕೇಳಿದ್ದನ್ನು ಆಗ ಅವರಿಗೆ ಹೇಳಿದೆ, ಇದು ಮುಡಿಪಿನ ಹಾಗಾ ಅಂತ. ಅವರು ನೋಟುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಸುತ್ತುತ್ತಲೇ ಹೇಳಿದರು.

"ಮುಡಿಪೇ. ದೇವರಿಗೇ ಹೋಗಬೇಕು ಇದು. ನಾಳೆ ನೀನು ಸ್ಕೂಟರ್ ತೆಗಿ, ಅಜ್ಜಿಯ ಮಾತ್ರೆ ಗುರುವಾರಕ್ಕೆ ಮುಗಿಯುತ್ತದೆ."